ನಗರ ಬೆಳೆದಂತೆ ಸಿಡಿಲೂ ಹೆಚ್ಚುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಪೂರ್ವದ ಗುಡುಗು ಮಳೆ ಶುರುವಾಗುತ್ತಿದ್ದಂತೆ, ನಗರದಲ್ಲಿ ಈಗ ಮೊದಲಿಗಿಂತ ಹೆಚ್ಚು ಸಿಡಿಲು ಬಡಿಯುತ್ತಿದೆ ಎಂಬ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಈ ಮಾತಿಗೆ ಎಷ್ಟು ಆಧಾರವಿದೆ, ಎಲ್ಲಿ ಅದು ಆಧಾರವನ್ನು ಮೀರಿ ಹೋಗುತ್ತದೆ ಎಂಬುದನ್ನು ಕೆಳಗಿನ ಉತ್ತರಗಳಲ್ಲಿ ವಿವರಿಸಲಾಗಿದೆ. ಮೋಡದೊಳಗೇ ಹೊಳೆದು ಮುಗಿಯುವುದನ್ನು ಮಿಂಚು ಎಂದೂ ನೆಲಕ್ಕೆ ಬಡಿಯುವುದನ್ನು ಸಿಡಿಲು ಎಂದೂ ಇಲ್ಲಿ ಬರೆಯಲಾಗಿದೆ.

ನಗರ ಬೆಳೆದರೆ ಸಿಡಿಲು ಹೆಚ್ಚುತ್ತದೆ ಎಂಬುದು ನಿಜವೇ?

ಅಧ್ಯಯನ ನಡೆದಿರುವ ಅನೇಕ ದೊಡ್ಡ ನಗರಗಳ ಮಟ್ಟಿಗೆ ನಿಜ. ಅಮೆರಿಕದ ಮಧ್ಯಪಶ್ಚಿಮ ಭಾಗದ 16 ನಗರಗಳ ಮೇಲೆ 1989ರಿಂದ 1992ರವರೆಗಿನ ಬೇಸಿಗೆಗಳಲ್ಲಿ ಬಿದ್ದ ಸಿಡಿಲುಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಹಲವು ನಗರಗಳ ಮೇಲೆ ಮತ್ತು ಗಾಳಿ ಬೀಸಿ ಹೋಗುವ ದಿಕ್ಕಿನ ಹೊರವಲಯದಲ್ಲಿ, ಗಾಳಿ ಬರುವ ದಿಕ್ಕಿನ ಪ್ರದೇಶಕ್ಕಿಂತ ಶೇ 40ರಿಂದ 85ರಷ್ಟು ಹೆಚ್ಚು ಸಿಡಿಲು ಕಂಡುಬಂದಿತು. ಟೆಕ್ಸಾಸ್‌ನ ಹೂಸ್ಟನ್ ನಗರದ 1989ರಿಂದ 2000ದವರೆಗಿನ ದಾಖಲೆಗಳಲ್ಲಿ ಬೇಸಿಗೆಯ ಸಿಡಿಲು ಸುತ್ತಲಿನ ಪ್ರದೇಶಕ್ಕಿಂತ ಶೇ 45ರಷ್ಟು ಹೆಚ್ಚಾಗಿತ್ತು. ಬ್ರೆಜಿಲ್‌ನ ಸಾವೊ ಪೌಲೊ, ಕಂಪಿನಾಸ್ ಮತ್ತು ಸಾವೊ ಜೋಸೆ ದೊಸ್ ಕಂಪೋಸ್ ನಗರಗಳ ಬಗ್ಗೆ 2003ರಲ್ಲಿ ಪ್ರಕಟವಾದ ಅಧ್ಯಯನವು ಋಣ ವಿದ್ಯುದಂಶದ ಸಿಡಿಲುಗಳಲ್ಲಿ, ಅಂದರೆ ಮೋಡದ ಋಣಾಂಶವನ್ನು ನೆಲಕ್ಕೆ ತರುವ ಸಿಡಿಲುಗಳಲ್ಲಿ, ಶೇ 60ರಿಂದ 100ರವರೆಗಿನ ಏರಿಕೆಯನ್ನು ವರದಿ ಮಾಡಿತು.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಇವೆಲ್ಲ ಒಂದೇ ಅವಧಿಯಲ್ಲಿ ನಗರವನ್ನು ಅದರ ಸುತ್ತಲಿನ ಹಳ್ಳಿಗಾಡಿನ ಜೊತೆ ಹೋಲಿಸಿ ಪಡೆದ ಅಂಕಿಗಳು. ಒಂದೇ ಜಾಗದಲ್ಲಿ ಐವತ್ತು ವರ್ಷದ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ನೋಡಿದವಲ್ಲ. ಜನ ಸಾಮಾನ್ಯವಾಗಿ ಕೇಳುವುದು ಎರಡನೆಯದನ್ನು, ವಿಜ್ಞಾನಿಗಳ ಬಳಿ ಗಟ್ಟಿಯಾದ ಉತ್ತರ ಇರುವುದು ಮೊದಲನೆಯದಕ್ಕೆ.

ನಗರಕ್ಕೂ ಗುಡುಗಿಗೂ ಸಂಬಂಧವಿದೆ ಎಂಬ ಅನುಮಾನ ಮೊದಲು ಹುಟ್ಟಿದ್ದು ಎಲ್ಲಿ?

ಈ ಚರ್ಚೆಗೆ ಕಾವು ಬಂದದ್ದು ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಸಣ್ಣ ಊರಿನಿಂದ. ಈ ಊರು ಷಿಕಾಗೊ ಮತ್ತು ಗ್ಯಾರಿಯ ಉಕ್ಕಿನ ಕಾರ್ಖಾನೆಗಳ ಪೂರ್ವಕ್ಕೆ, ಅಂದರೆ ಅವುಗಳ ಹೊಗೆ ಸಾಗುವ ದಾರಿಯಲ್ಲಿದೆ. 1951ರಿಂದ 1965ರ ನಡುವೆ ಇಲ್ಲಿ ನೆರೆಯ ಊರುಗಳಿಗಿಂತ ಶೇ 31ರಷ್ಟು ಹೆಚ್ಚು ಮಳೆಯೂ ಶೇ 38ರಷ್ಟು ಹೆಚ್ಚು ಗುಡುಗು ಮಳೆಯೂ ದಾಖಲಾಗಿದೆ ಎಂದು ಹವಾಮಾನ ವಿಜ್ಞಾನಿ ಸ್ಟ್ಯಾನ್ಲಿ ಚಾಂಗ್‌ನನ್ 1968ರಲ್ಲಿ ಬರೆದರು. ಕೂಡಲೇ ವಾದ ಎದ್ದಿತು. ಮಳೆ ಅಳೆದವರ ಲೆಕ್ಕದಲ್ಲೇ ಏನೋ ತಪ್ಪಿರಬೇಕು ಎಂದವರಿದ್ದರು. ಮಿಷಿಗನ್ ಸರೋವರದ ಗಾಳಿಯೇ ಕಾರಣ ಎಂದವರೂ ಇದ್ದರು. ಆ ವಾದ ಪೂರ್ತಿ ಇತ್ಯರ್ಥವಾಗಲಿಲ್ಲ. ಆದರೆ ಅದರ ಬೆನ್ನಲ್ಲೇ, 1970ರ ದಶಕದ ಮೊದಲರ್ಧದಲ್ಲಿ, ಸೇಂಟ್ ಲೂಯಿಸ್ ನಗರದ ಸುತ್ತ ಮಳೆಮಾಪಕ, ರಾಡಾರ್ ಮತ್ತು ವಿಮಾನಗಳನ್ನು ಬಳಸಿ ಮೆಟ್ರೊಮೆಕ್ಸ್ ಎಂಬ ದೊಡ್ಡ ಯೋಜನೆ ನಡೆಯಿತು. ಬೇಸಿಗೆಯ ಮಳೆ ಮತ್ತು ಗುಡುಗು ಊರಿನ ನಡುಭಾಗಕ್ಕಿಂತ ಅದರ ಆಚೆ, ಗಾಳಿ ಹೋಗುವ ದಿಕ್ಕಿನಲ್ಲಿ ಹೆಚ್ಚುತ್ತದೆ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ನಗರದ ಪ್ರಭಾವವನ್ನು ನಗರದ ಗಡಿಯೊಳಗೇ ಹುಡುಕಬಾರದು ಎಂಬ ಪಾಠ ಅಂದಿನದು. ಇಂದಿಗೂ ಅನೇಕ ವರದಿಗಳು ಅದನ್ನು ಮರೆಯುತ್ತವೆ.

ಮೋಡದಲ್ಲಿ ವಿದ್ಯುತ್ ಹುಟ್ಟುವುದು ಹೇಗೆ?

ಇದನ್ನು ಸ್ವಲ್ಪ ವಿವರವಾಗಿ ನೋಡದಿದ್ದರೆ ಮುಂದಿನ ಉತ್ತರಗಳು ಅರ್ಥವಾಗುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಬೇಸಿಗೆಯ ದಿನ ನೆಲದಿಂದ ಸುಮಾರು 5 ಕಿಲೋಮೀಟರ್ ಎತ್ತರಕ್ಕೆ ಹೋದರೆ ಉಷ್ಣಾಂಶ ಸೊನ್ನೆ ಡಿಗ್ರಿಗೆ ಇಳಿಯುತ್ತದೆ. ಅದಕ್ಕೂ ಮೇಲೆ ಏರಿದ ಮೋಡದಲ್ಲಿ ಎಲ್ಲ ನೀರೂ ಒಮ್ಮೆಗೇ ಹೆಪ್ಪುಗಟ್ಟುವುದಿಲ್ಲ. ಸೊನ್ನೆಗಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗಿದ್ದರೂ ದ್ರವವಾಗಿಯೇ ಉಳಿದಿರುವ ಹನಿಗಳು ಅಲ್ಲಿ ಕೋಟ್ಯಂತರ ಇರುತ್ತವೆ. ಈ ಹನಿಗಳು ಬೀಳುತ್ತಿರುವ ಹಿಮದ ಚೂರುಗಳಿಗೆ ತಗುಲಿದೊಡನೆ ಅಂಟಿ ಹೆಪ್ಪುಗಟ್ಟುತ್ತವೆ. ಹೀಗೆ ಪದರ ಕಟ್ಟಿಕೊಂಡು ಬೆಳೆಯುವ ಮೆತ್ತಗಿನ ಸಣ್ಣ ಆಲಿಕಲ್ಲುಗಳು ಭಾರವಾಗಿ ಕೆಳಗಿಳಿಯುತ್ತಿರುವಾಗ, ಅವುಗಳಿಗಿಂತ ಬಹಳ ಹಗುರವಾದ ಹಿಮದ ಹರಳುಗಳು ಮೇಲ್ಮುಖ ಗಾಳಿಯಲ್ಲಿ ಎದುರು ಬಂದು ಡಿಕ್ಕಿ ಹೊಡೆದು ಚಿಮ್ಮುತ್ತವೆ. ಪ್ರತಿ ಡಿಕ್ಕಿಯಲ್ಲೂ ಒಂದಿಷ್ಟು ವಿದ್ಯುದಂಶ ಕೈ ಬದಲಾಯಿಸುತ್ತದೆ: ಸಾಮಾನ್ಯವಾಗಿ ಆಲಿಕಲ್ಲಿಗೆ ಋಣಾಂಶ, ಹರಳಿಗೆ ಧನಾಂಶ. ಹರಳುಗಳು ಮೋಡದ ನೆತ್ತಿಗೆ ಹೋಗುತ್ತವೆ, ಆಲಿಕಲ್ಲು ನಡುವಿನಲ್ಲೋ ಕೆಳಗೋ ಉಳಿಯುತ್ತದೆ. ಈ ಬೇರ್ಪಡೆ ಸಾಕಷ್ಟು ಬೆಳೆದಾಗ ಮಿಂಚುತ್ತದೆ.

ಹಾಗಾಗಿ ಮಿಂಚಿಗೆ ಬೇಕಾದವು ಮೂರು: ಬಲವಾದ ಮೇಲ್ಮುಖ ಗಾಳಿ, ಹೆಪ್ಪುಗಟ್ಟದೆ ಉಳಿದ ನೀರು, ಮತ್ತು ಹಿಮ. ನಗರ ಏನಾದರೂ ಮಾಡುವುದಿದ್ದರೆ ಈ ಮೂರರಲ್ಲಿ ಒಂದನ್ನು ಮುಟ್ಟಿಯೇ ಮಾಡಬೇಕು.

ನಗರದ ಬಿಸಿ ಇದರಲ್ಲಿ ಏನು ಮಾಡುತ್ತದೆ?

ಡಾಂಬರು, ಕಾಂಕ್ರೀಟು, ತಾರಸಿಗಳು ಹಗಲೆಲ್ಲ ಬಿಸಿಲನ್ನು ಹೀರಿ ಸಂಜೆ ಮತ್ತು ರಾತ್ರಿ ನಿಧಾನವಾಗಿ ಬಿಡುತ್ತವೆ. ಕೆರೆ, ಗದ್ದೆ, ಮರಗಳಿದ್ದ ಕಡೆ ಬಿಸಿಲಿನ ಒಂದು ಪಾಲು ನೀರನ್ನು ಆವಿಯಾಗಿಸುವುದರಲ್ಲಿ ಖರ್ಚಾಗುತ್ತಿತ್ತು. ಅವು ಹೋದ ಮೇಲೆ ಆ ಪಾಲೂ ಗಾಳಿಯನ್ನು ಕಾಯಿಸುತ್ತದೆ. ಇದಕ್ಕೆ ವಾಹನ ಮತ್ತು ಏಸಿಗಳ ಶಾಖ ಸೇರುತ್ತದೆ. ಹೀಗೆ ಸುತ್ತಲಿನ ಹಳ್ಳಿಗಳಿಗಿಂತ ಬಿಸಿಯಾಗಿರುವ ನಗರವನ್ನು ಉಷ್ಣ ದ್ವೀಪ ಎನ್ನುತ್ತಾರೆ. ಬಿಸಿ ಗಾಳಿ ಮೇಲೇಳುತ್ತದೆ, ಅದರ ಜಾಗ ತುಂಬಲು ಸುತ್ತಲಿನ ಗಾಳಿ ಒಳನುಗ್ಗಿ ನಗರದ ಮೇಲೆ ಒಂದಕ್ಕೊಂದು ಎದುರಾಗುತ್ತದೆ, ಎದುರಾದ ಗಾಳಿಗೆ ಮೇಲಕ್ಕಲ್ಲದೆ ಬೇರೆ ದಾರಿ ಇರುವುದಿಲ್ಲ.

1996ರ ಒಲಿಂಪಿಕ್ಸ್‌ಗಾಗಿ ಅಟ್ಲಾಂಟಾ ನಗರದಲ್ಲಿ ಹವಾಮಾನ ಮಾಪನ ಕೇಂದ್ರಗಳನ್ನು ಒತ್ತೊತ್ತಾಗಿ ಅಳವಡಿಸಿದ್ದರು. ಆ ದಾಖಲೆಗಳನ್ನು ಬಳಸಿದ ಸಂಶೋಧಕರು, ಕೆಲವು ದಿನಗಳಲ್ಲಿ ಗುಡುಗು ಮೋಡ ಹುಟ್ಟಿದ್ದೇ ನಗರದ ಬಿಸಿ ಎಳೆದುಕೊಂಡ ಗಾಳಿಯಿಂದ ಎಂದು ತೋರಿಸಿದರು. ಆದರೆ ಇದರ ಪ್ರಮಾಣವನ್ನೂ ನೋಡಬೇಕು. ಅದೇ ಅಟ್ಲಾಂಟಾದ ಮತ್ತೊಂದು ಅಧ್ಯಯನ, 1996ರಿಂದ 2000ದವರೆಗಿನ ಐದು ವರ್ಷಗಳಲ್ಲಿ ಉಷ್ಣ ದ್ವೀಪವೇ ಹುಟ್ಟಿಸಿತೆಂದು ಹೇಳಬಹುದಾದ ಮಳೆಯ ಪ್ರಸಂಗಗಳು 37 ಮಾತ್ರ ಎಂದು ಗುರುತಿಸಿತು. ಗಾಳಿಯಲ್ಲಿ ತೇವ ಸಾಕಷ್ಟಿಲ್ಲದ ದಿನ ನಗರ ಎಷ್ಟು ಕಾದರೂ ಮೋಡ ಕಟ್ಟುವುದಿಲ್ಲ. ದೊಡ್ಡ ಹವಾಮಾನ ವ್ಯವಸ್ಥೆಯೊಂದು ಬಲವಾದ ಗಾಳಿಯೊಂದಿಗೆ ಹಾದುಹೋಗುವ ದಿನ ನಗರದ ಬಿಸಿ ಲೆಕ್ಕಕ್ಕೇ ಬರುವುದಿಲ್ಲ. ನಗರದ ಆಟ ನಡೆಯುವುದು ಗಾಳಿ ಸಪ್ಪಗಿರುವ, ತೇವವಿರುವ ದಿನಗಳಲ್ಲಿ.

ಹೊಗೆ ಮತ್ತು ದೂಳಿನ ಪಾತ್ರವೇನು?

ಮೋಡದ ಪ್ರತಿ ಹನಿಯೂ ಯಾವುದಾದರೊಂದು ಸೂಕ್ಷ್ಮ ಕಣದ ಮೇಲೆ ಕೂತು ಹುಟ್ಟುತ್ತದೆ. ಶುದ್ಧ ಗಾಳಿಯಲ್ಲಿ ಕಣಗಳು ಕಡಿಮೆ, ಹಾಗಾಗಿ ಹನಿಗಳು ಕಡಿಮೆ ಮತ್ತು ದೊಡ್ಡವು. ಅವು ಬೇಗ ಒಂದಕ್ಕೊಂದು ಸೇರಿ ಮಳೆಯಾಗಿ ಕೆಳಗೇ ಸುರಿದುಬಿಡುತ್ತವೆ. ವಾಹನ, ಡೀಸೆಲ್ ಜನರೇಟರ್ ಮತ್ತು ಕಾರ್ಖಾನೆಗಳ ಹೊಗೆ ತುಂಬಿದ ಗಾಳಿಯಲ್ಲಿ ಅಷ್ಟೇ ನೀರು ಅನೇಕ ಪಟ್ಟು ಹೆಚ್ಚು ಕಣಗಳ ನಡುವೆ ಹಂಚಿಹೋಗಿ ಹನಿಗಳು ಚಿಕ್ಕವಾಗುತ್ತವೆ. ಚಿಕ್ಕ ಹನಿಗಳು ಸುಲಭವಾಗಿ ಕೂಡಿಕೊಳ್ಳುವುದಿಲ್ಲ, ಮಳೆ ತಡವಾಗುತ್ತದೆ, ನೀರು ಮೇಲ್ಮುಖ ಗಾಳಿಯ ಜೊತೆ ಸೊನ್ನೆ ಡಿಗ್ರಿಯ ಗೆರೆ ದಾಟಿ ಮೇಲಕ್ಕೆ ಹೋಗುತ್ತದೆ. ಅಲ್ಲಿ ಹೆಪ್ಪುಗಟ್ಟುವಾಗ ಬಿಡುಗಡೆಯಾಗುವ ಶಾಖ ಮೋಡವನ್ನು ಮತ್ತಷ್ಟು ಮೇಲೆತ್ತುತ್ತದೆ. ಡಿಕ್ಕಿಗಳಿಗೆ ಬೇಕಾದ ನೀರು, ಹಿಮ ಎರಡೂ ಹೆಚ್ಚು ಸಿಗುತ್ತವೆ.

ಹಾಗಾದರೆ ಮುಖ್ಯ ಕಾರಣ ಬಿಸಿಯೋ, ಹೊಗೆಯೋ?

ನಗರದಲ್ಲಿ ಈ ಎರಡನ್ನೂ ಬಿಡಿಸಿ ನೋಡುವುದು ಕಷ್ಟ, ಏಕೆಂದರೆ ಬಿಸಿ ಎಲ್ಲಿದೆಯೋ ಹೊಗೆಯೂ ಅಲ್ಲೇ ಇರುತ್ತದೆ. ಹೂಸ್ಟನ್ ಅಧ್ಯಯನ ನಡೆಸಿದವರು ಉಷ್ಣ ದ್ವೀಪವನ್ನೂ ಪೆಟ್ರೋಲಿಯಂ ಸಂಸ್ಕರಣಾಗಾರಗಳ ಹೊಗೆಯನ್ನೂ ಸಂಭವನೀಯ ಕಾರಣಗಳೆಂದು ಒಟ್ಟಿಗೇ ಹೇಳಿ ನಿಲ್ಲಿಸಿದ್ದರು.

ಬಿಡಿಸಿ ನೋಡುವ ಅವಕಾಶ ಸಿಕ್ಕಿದ್ದು ಸಮುದ್ರದ ಮೇಲೆ. ಹಿಂದೂ ಮಹಾಸಾಗರದಲ್ಲಿ ಶ್ರೀಲಂಕಾದ ದಕ್ಷಿಣದಿಂದ ಮಲಕ್ಕಾ ಜಲಸಂಧಿಯ ಕಡೆಗೆ ಹಡಗುಗಳು ಸಾಲಾಗಿ ಸಾಗುವ ಮಾರ್ಗದ ಮೇಲೆ, ಅಕ್ಕಪಕ್ಕದ ಸಮುದ್ರಕ್ಕಿಂತ ಸುಮಾರು ಎರಡು ಪಟ್ಟು ಮಿಂಚು ಸಿಡಿಲುಗಳಿರುವುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದಕ್ಷಿಣ ಚೀನಾ ಸಮುದ್ರದ ಮಾರ್ಗದಲ್ಲೂ ಇದೇ ಚಿತ್ರ ಕಂಡಿತು. ಅಲ್ಲಿ ಕಾಂಕ್ರೀಟಿಲ್ಲ, ಕಟ್ಟಡಗಳಿಲ್ಲ, ಉಷ್ಣ ದ್ವೀಪವಿಲ್ಲ. ಇರುವುದು ಹಡಗುಗಳ ಹೊಗೆ ಮಾತ್ರ. ಮುಂದೆ 2020ರಲ್ಲಿ ಅಂತರರಾಷ್ಟ್ರೀಯ ನಿಯಮವು ಹಡಗಿನ ಇಂಧನದಲ್ಲಿರಬಹುದಾದ ಗಂಧಕದ ಮಿತಿಯನ್ನು ಶೇ 3.5ರಿಂದ 0.5ಕ್ಕೆ ಇಳಿಸಿದ ಮೇಲೆ ಆ ಮಾರ್ಗದ ಮಿಂಚು ಸಿಡಿಲುಗಳು ಸುಮಾರು ಅರ್ಧದಷ್ಟು ಕಡಿಮೆಯಾದವು. ಬೇಕೆಂದೇ ಪ್ರಯೋಗ ಮಾಡಿದ್ದರೂ ಇದಕ್ಕಿಂತ ಸ್ವಚ್ಛವಾದ ಫಲಿತಾಂಶ ಸಿಗುವುದು ಅಪರೂಪ.

ಈ ಉತ್ತರ ಬರೆದವರ ತೀರ್ಪು ಹೀಗಿದೆ: ಮೋಡ ಎಲ್ಲಿ, ಯಾವಾಗ ಏಳಬೇಕು ಎಂಬುದರಲ್ಲಿ ನಗರದ ಬಿಸಿಯ ಮಾತು ಹೆಚ್ಚು ನಡೆಯುತ್ತದೆ, ಎದ್ದ ಮೋಡ ಎಷ್ಟು ಮಿಂಚಬೇಕು ಎಂಬುದರಲ್ಲಿ ಹೊಗೆಯ ಪಾಲು ನಾವು ಎಣಿಸಿದ್ದಕ್ಕಿಂತ ದೊಡ್ಡದು. ಹೂಸ್ಟನ್ ಸುತ್ತ 2021ರ ಅಕ್ಟೋಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಟ್ರೇಸರ್ ಎಂಬ ಕ್ಷೇತ್ರ ಅಧ್ಯಯನ ನಡೆದದ್ದು ಕಣಗಳು ಮತ್ತು ಗುಡುಗು ಮೋಡಗಳ ನಡುವಿನ ಈ ಸಂಬಂಧವನ್ನು ಹತ್ತಿರದಿಂದ ಅಳೆಯಲೆಂದೇ.

ಹೊಗೆ ಹೆಚ್ಚಿದಷ್ಟೂ ಸಿಡಿಲು ಹೆಚ್ಚುತ್ತಲೇ ಹೋಗುತ್ತದೆಯೇ?

ಇಲ್ಲ. ಒಂದು ಹಂತದ ನಂತರ ಗಾಳಿಯಲ್ಲಿ ತೇಲುವ ಕಣಗಳ ಪೊರೆ ಬಿಸಿಲನ್ನೇ ತಡೆಯುತ್ತದೆ. ನೆಲ ಕಾಯುವುದು ಕಡಿಮೆಯಾಗಿ, ಮೇಲ್ಮುಖ ಗಾಳಿ ದುರ್ಬಲವಾಗಿ, ಮೋಡ ಎತ್ತರಕ್ಕೆ ಬೆಳೆಯುವುದೇ ಇಲ್ಲ. ಅಮೆಜಾನ್ ಕಾಡಿನ ಬೆಂಕಿಯ ಹೊಗೆಯ ಕುರಿತ ಅಧ್ಯಯನದಲ್ಲಿ ಈ ಏರಿಳಿತ ಕಂಡಿದೆ. ಗಂಗಾ ಬಯಲಿನ ದಟ್ಟ ಹೊಗೆಯನ್ನೂ ಬೆಂಗಳೂರಿನ ಹೊಗೆಯನ್ನೂ ಒಂದೇ ಸೂತ್ರದಲ್ಲಿ ಕಟ್ಟಲು ಆಗದಿರುವುದು ಇದೇ ಕಾರಣಕ್ಕೆ.

ವಾರದ ದಿನಗಳಿಗೂ ಭಾನುವಾರಕ್ಕೂ ವ್ಯತ್ಯಾಸವಿದೆಯೇ?

ವಾರ ಎಂಬುದು ಮನುಷ್ಯರ ಲೆಕ್ಕ, ಪ್ರಕೃತಿಗೆ ಅದು ಗೊತ್ತಿಲ್ಲ. ಆದ್ದರಿಂದ ವಾರಕ್ಕೊಮ್ಮೆ ಮರುಕಳಿಸುವ ಏರಿಳಿತ ಕಂಡರೆ ಅದರ ಹಿಂದೆ ಮನುಷ್ಯರ ಕೈ ಇರಲೇಬೇಕು ಎಂಬುದು ತರ್ಕ. ಅಮೆರಿಕದ ಆಗ್ನೇಯ ಭಾಗದಲ್ಲಿ ಬೇಸಿಗೆಯ ಸಿಡಿಲು ವಾರದ ನಡುವೆ ಹೆಚ್ಚು, ಶನಿವಾರ ಭಾನುವಾರ ಕಡಿಮೆ ಎಂದು 2009ರಲ್ಲಿ ವರದಿಯಾಯಿತು. ಆಸಕ್ತಿ ಹುಟ್ಟಿಸುವ ಫಲಿತಾಂಶವೇ, ಆದರೆ ಇಂಥ ವಾರದ ಚಕ್ರಗಳು ಬೇರೆ ಪ್ರದೇಶಕ್ಕೆ ಅಥವಾ ಬೇರೆ ಅವಧಿಗೆ ಹೋದಾಗ ಮಸುಕಾಗುವುದೂ ಉಂಟು.

ಎತ್ತರದ ಕಟ್ಟಡಗಳು ಸಿಡಿಲನ್ನು ಸೆಳೆಯುತ್ತವೆಯೇ?

ಸೆಳೆಯುತ್ತವೆ, ಆದರೆ ಜನ ಅಂದುಕೊಂಡ ರೀತಿಯಲ್ಲಿ ಅಲ್ಲ. ಮೋಡದಿಂದ ಹೊರಟ ಸಿಡಿಲಿನ ಮುಂಚೂಣಿ ಹತ್ತಾರು ಮೀಟರ್‌ಗಳ ಹೆಜ್ಜೆಗಳಲ್ಲಿ ಇಳಿಯುತ್ತದೆ, ಮತ್ತು ನೆಲದ ಮೇಲೆ ಏನಿದೆ ಎಂಬುದು ಅದರ ದಾರಿಯನ್ನು ಬದಲಿಸುವುದು ಕೊನೆಯ ನೂರು ಮೀಟರಿನ ಆಸುಪಾಸಿನಲ್ಲಿ ಮಾತ್ರ. ಹೇಗೂ ಆ ಬಡಾವಣೆಗೆ ಬೀಳುತ್ತಿದ್ದ ಸಿಡಿಲನ್ನು ಎತ್ತರದ ಕಟ್ಟಡ ತನ್ನ ಮೇಲೆ ತೆಗೆದುಕೊಳ್ಳುತ್ತದೆ. ಹತ್ತು ಕಿಲೋಮೀಟರ್ ಆಚೆಯ ಮೋಡವನ್ನು ಕರೆದುಕೊಂಡು ಬರುವುದಿಲ್ಲ. ಬಹಳ ಎತ್ತರದ ಗೋಪುರಗಳ ವಿಷಯ ಬೇರೆ. ಅವುಗಳ ತುದಿಯಿಂದಲೇ ಮೇಲ್ಮುಖವಾಗಿ ಸಿಡಿಲು ಹೊರಡುತ್ತದೆ, ಅಂದರೆ ಗೋಪುರವಿಲ್ಲದಿದ್ದರೆ ಆ ಸಿಡಿಲು ಇರುತ್ತಲೇ ಇರಲಿಲ್ಲ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ವರ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು, ಟೊರಾಂಟೊದ 553 ಮೀಟರ್ ಎತ್ತರದ ಸಿಎನ್ ಗೋಪುರಕ್ಕೆ ಸರಾಸರಿ 75ರಷ್ಟು ಸಿಡಿಲು ಬಡಿಯುತ್ತದೆ. ಇಷ್ಟಾದರೂ ಇಡೀ ನಗರದ ಲೆಕ್ಕದಲ್ಲಿ ಇದು ಸಣ್ಣ ಪಾಲು.

ಸಿಡಿಲಿನ ಎಣಿಕೆ ಹೆಚ್ಚಿದರೆ ಸಿಡಿಲೇ ಹೆಚ್ಚಿತು ಎಂದು ತಿಳಿಯಬಹುದೇ?

ಹಾಗೆ ತಿಳಿಯುವುದು ಅವಸರ. ಮೊದಲ ತೊಡಕು ಉಪಕರಣದ್ದು. ಅಮೆರಿಕದ ರಾಷ್ಟ್ರೀಯ ಸಿಡಿಲು ಪತ್ತೆ ಜಾಲವನ್ನು 1990ರ ದಶಕದ ಮಧ್ಯದಲ್ಲಿ ಸುಧಾರಿಸಿದಾಗ ದುರ್ಬಲ ಧನಾಂಶದ ಸಿಡಿಲುಗಳ ಸಂಖ್ಯೆ ದಿಢೀರನೆ ಏರಿತು. ಪರಿಶೀಲಿಸಿದರೆ ಅವುಗಳಲ್ಲಿ ಬಹುಪಾಲು ಮೋಡದೊಳಗಿನ ಮಿಂಚುಗಳನ್ನೇ ಯಂತ್ರ ಸಿಡಿಲೆಂದು ಎಣಿಸಿತ್ತು. ನಮ್ಮಲ್ಲೂ ಸಂವೇದಕಗಳ ಜಾಲ ಬೆಳೆದಿರುವುದು ಇತ್ತೀಚಿನ ವರ್ಷಗಳಲ್ಲಿ. ಕಳೆದ ವರ್ಷಕ್ಕಿಂತ ಈ ವರ್ಷ ಇಷ್ಟು ಸಾವಿರ ಸಿಡಿಲು ಹೆಚ್ಚು ಎಂಬ ಸುದ್ದಿ ಓದಿದಾಗ, ಈ ನಡುವೆ ಎಷ್ಟು ಸಂವೇದಕಗಳು ಹೊಸದಾಗಿ ಸೇರಿದವು ಎಂದು ಮೊದಲು ಕೇಳಬೇಕು. ಇದಕ್ಕೆ ತದ್ವಿರುದ್ಧವಾದ ತೊಡಕು ಹಳೆಯ ದಾಖಲೆಗಳದ್ದು: ಗುಡುಗು ಕಿವಿಗೆ ಬಿದ್ದ ದಿನವನ್ನು ಗುಡುಗಿನ ದಿನವೆಂದು ಬರೆಯುವ ಪದ್ಧತಿ ವೀಕ್ಷಣಾಲಯಗಳಲ್ಲಿದೆ, ಮತ್ತು ಸಂಚಾರದ ಗದ್ದಲ ಹೆಚ್ಚಿದಂತೆ ದೂರದ ಗುಡುಗು ಕಿವಿಗೆ ಬೀಳುವುದು ಕಡಿಮೆಯಾಗುತ್ತದೆ.

ಎರಡನೆಯದು ಭೂಗೋಳ. ಹೂಸ್ಟನ್ ಕಡಲ ತೀರಕ್ಕೆ ಹತ್ತಿರವಿದೆ. ಗಾಲ್ವೆಸ್ಟನ್ ಕೊಲ್ಲಿಯ ಬಾಗಿದ ದಂಡೆಯಿಂದ ಬರುವ ಕಡಲಗಾಳಿ ಊರಿಲ್ಲದಿದ್ದರೂ ಅಲ್ಲಿ ಮೋಡ ಎಬ್ಬಿಸುತ್ತಿತ್ತು. ಆ ಪಾಲನ್ನು ಕಳೆದು ನೋಡದೆ ಎಲ್ಲ ಹೆಚ್ಚಳವನ್ನೂ ನಗರದ ಖಾತೆಗೆ ಬರೆಯಲಾಗದು.

ಬೆಂಗಳೂರಿಗೆ ಇದು ಹೇಗೆ ಅನ್ವಯಿಸುತ್ತದೆ?

ಬೆಂಗಳೂರಿನ ಗುಡುಗು ಮಳೆಯ ದೊಡ್ಡ ಕಾಲ ಏಪ್ರಿಲ್ ಮತ್ತು ಮೇ, ಪಂಚಾಂಗದ ಲೆಕ್ಕದಲ್ಲಿ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಅವಧಿ. ನಂತರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮತ್ತೊಂದು ಸುತ್ತು. ನಡುವಿನ ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತಿದ್ದರೂ ಮೋಡಗಳೊಳಗಿನ ಮೇಲ್ಮುಖ ಗಾಳಿ ದುರ್ಬಲ, ಹಾಗಾಗಿ ಮಳೆಯಿದ್ದರೂ ಗುಡುಗು ಕಡಿಮೆ.

ಏಪ್ರಿಲ್ ಕೊನೆಯ ಒಂದು ದಿನವನ್ನು ಗಮನಿಸಿದರೆ ಈ ಕ್ರಮ ಕಣ್ಣಿಗೆ ಕಾಣುತ್ತದೆ. ಬೆಳಿಗ್ಗೆ ಆಕಾಶ ನಿರ್ಮಲ. ಹನ್ನೊಂದರ ಹೊತ್ತಿಗೆ ಚೂರುಚೂರು ಬಿಳಿ ಮೋಡ ತೇಲುತ್ತವೆ. ಎರಡು ಗಂಟೆಗೆ ಪಾದರಸ 35 ದಾಟಿರುತ್ತದೆ, ಗಾಳಿ ನಿಂತಂತಿರುತ್ತದೆ, ಸೆಕೆ. ಮೂರೂವರೆ ನಾಲ್ಕಕ್ಕೆ ಒಂದು ಮೂಲೆಯ ಮೋಡ ಹೂಕೋಸಿನ ಆಕಾರದಲ್ಲಿ ಮೇಲೇರಿ ಅದರ ನೆತ್ತಿ ಚಪ್ಪಟೆಯಾಗಿ ಹರಡುತ್ತದೆ. ಆ ಹರಡಿದ ಭಾಗ ಪೂರ್ತಿ ಹಿಮ. ಇನ್ನರ್ಧ ಗಂಟೆಯಲ್ಲಿ ತಣ್ಣನೆಯ ಗಾಳಿ ದೂಳೆಬ್ಬಿಸಿಕೊಂಡು ಬರುತ್ತದೆ, ಹಿಂದೆಯೇ ಗುಡುಗು. ಇದರಲ್ಲಿ ಬಹುಪಾಲು ನಗರವಿಲ್ಲದಿದ್ದರೂ ನಡೆಯುತ್ತಿತ್ತು. ಈ ಕಾಲದಲ್ಲಿ ಒಳನಾಡಿನ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹಾಯುವ ಕಡಿಮೆ ಒತ್ತಡದ ಪಟ್ಟಿಯೇ ಗುಡುಗು ಮಳೆಯ ಮೂಲ, ಮತ್ತು ಕೋಲಾರ, ತುಮಕೂರು, ರಾಮನಗರಗಳೂ ಇದೇ ಮಳೆಯನ್ನು ಕಾಣುತ್ತವೆ.

ಆದರೂ ನಗರದ ಪ್ರಭಾವಕ್ಕೆ ಬೇಕಾದ ಷರತ್ತುಗಳೆಲ್ಲ ಇಲ್ಲಿ ಒಟ್ಟಿಗೆ ಸೇರಿವೆ. ಸಪ್ಪೆ ಗಾಳಿ, ಮಧ್ಯಾಹ್ನದ ಸುಡುಬಿಸಿಲು, ಮಧ್ಯಮ ಪ್ರಮಾಣದ ಹೊಗೆ, 700 ಚದರ ಕಿಲೋಮೀಟರಿಗೂ ಮೀರಿ ಹರಡಿದ ಕಾಂಕ್ರೀಟು, ಮತ್ತು ಅದರ ಕೆಳಗೆ ಮುಚ್ಚಿಹೋದ ಕೆರೆಗಳು. ನಗರದಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಒಂದು ಮುಖ್ಯ ವ್ಯತ್ಯಾಸವೆಂದರೆ, ಗುಡುಗಿನ ತಿಂಗಳುಗಳಲ್ಲಿ ಇಲ್ಲಿನ ಗಾಳಿ ದಿನಕ್ಕೊಂದು ದಿಕ್ಕು ಹಿಡಿಯುತ್ತದೆ. ಆದ್ದರಿಂದ ಸೇಂಟ್ ಲೂಯಿಸ್‌ನಂತೆ ಒಂದೇ ಮಗ್ಗುಲಿನಲ್ಲಿ ಹೆಚ್ಚಳ ಹುಡುಕಿದರೆ ಅದು ವರ್ಷದ ಸರಾಸರಿಯಲ್ಲಿ ಕರಗಿಹೋಗಬಹುದು. ಆಯಾ ದಿನದ ಗಾಳಿಯ ದಿಕ್ಕಿಗೆ ತಕ್ಕಂತೆ ಲೆಕ್ಕ ಹಾಕಬೇಕು.

ಭೂಮಿಯ ತಾಪಮಾನ ಏರುತ್ತಿರುವುದೂ ಕಾರಣವಲ್ಲವೇ?

ಅದು ಬೇರೆ ವಿಷಯ, ಮತ್ತು ಅಲ್ಲಿ ಒಮ್ಮತವಿಲ್ಲ. ತಾಪಮಾನ ಒಂದು ಡಿಗ್ರಿ ಏರಿದರೆ ಅಮೆರಿಕದಲ್ಲಿ ಸಿಡಿಲು ಸುಮಾರು ಶೇ 12ರಷ್ಟು ಹೆಚ್ಚೀತು ಎಂದು 2014ರ ಅಧ್ಯಯನವೊಂದು ಅಂದಾಜಿಸಿತು. ಮೋಡದ ಹಿಮದ ಚಲನೆಯನ್ನು ಆಧರಿಸಿದ 2018ರ ಮತ್ತೊಂದು ಅಧ್ಯಯನ ಜಾಗತಿಕವಾಗಿ ಸಿಡಿಲು ಕಡಿಮೆಯಾದೀತು ಎಂದಿತು.

ನಗರದಲ್ಲಿ ಸಿಡಿಲು ಹೆಚ್ಚಾದರೆ ಸಾವೂ ಅಲ್ಲೇ ಹೆಚ್ಚಲ್ಲವೇ?

ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ ದೇಶದಲ್ಲಿ 2022ರಲ್ಲಿ ಸಿಡಿಲಿನಿಂದ 2,887 ಜನ ಸತ್ತಿದ್ದಾರೆ. ಅವರಲ್ಲಿ ಬಹುಪಾಲು ಹೊಲದಲ್ಲಿ ಕೆಲಸ ಮಾಡುತ್ತಿದ್ದವರು, ದನ ಕುರಿ ಮೇಯಿಸುತ್ತಿದ್ದವರು, ಮಳೆ ಬಂತೆಂದು ಮರದಡಿ ನಿಂತವರು. ನಗರದಲ್ಲಿ ಸಿಡಿಲು ಬಿದ್ದಾಗ ಜನ ಹೆಚ್ಚಾಗಿ ಪಕ್ಕಾ ಕಟ್ಟಡದ ಒಳಗೋ ಲೋಹದ ಮೈಯಿರುವ ವಾಹನದೊಳಗೋ ಇರುತ್ತಾರೆ. ನಗರದಲ್ಲಿ ನಷ್ಟವಾಗುವುದು ಹೆಚ್ಚಾಗಿ ಲಿಫ್ಟಿನ ಕಂಟ್ರೋಲ್ ಬೋರ್ಡು, ಸಿಸಿ ಟಿವಿ, ಇಂಟರ್‌ನೆಟ್ ರೂಟರು, ಟ್ರಾನ್ಸ್‌ಫಾರ್ಮರು. ಬಯಲಿನಲ್ಲಿ ಕೆಲಸ ಮಾಡುವ ಕಟ್ಟಡ ಕಾರ್ಮಿಕರು ಮಾತ್ರ ನಗರದೊಳಗಿದ್ದೂ ಹಳ್ಳಿಯವರಷ್ಟೇ ಅಪಾಯದಲ್ಲಿರುತ್ತಾರೆ, ಮತ್ತು ನಗರ ಬೆಳೆಯುವ ಅಂಚಿನಲ್ಲಿ ಅವರೇ ಹೆಚ್ಚು.

ಅಪಾರ್ಟ್‌ಮೆಂಟಿಗೆ ಲೈಟ್ನಿಂಗ್ ಅರೆಸ್ಟರ್ ಹಾಕಿಸಿದ್ದೇವೆ, ಸಾಕಲ್ಲವೇ?

ತಾರಸಿಯ ಮೇಲಿನ ಸರಳು ಕಾಣುತ್ತದೆ, ಅಲ್ಲಿಂದ ನೆಲಕ್ಕಿಳಿಯುವ ಪಟ್ಟಿ ಯಾರ ಗಮನಕ್ಕೂ ಬರುವುದಿಲ್ಲ. ಬಣ್ಣ ಹೊಡೆಸುವಾಗ ಬಿಚ್ಚಿದ ಕ್ಲಾಂಪು ಮತ್ತೆ ಬಿಗಿಯದೆ ಉಳಿದಿರುತ್ತದೆ, ಕೂಡು ತುಕ್ಕು ಹಿಡಿದಿರುತ್ತದೆ, ಅರ್ಥಿಂಗ್ ಗುಂಡಿಯ ಮೇಲೆ ಪಾರ್ಕಿಂಗಿನ ಟೈಲ್ಸ್ ಹಾಕಿರುತ್ತಾರೆ. ಪಟ್ಟಿ ತುಂಡಾಗಿದ್ದರೆ ಸರಳು ಇದ್ದೂ ಅಪಾಯವೇ. ಭಾರತದಲ್ಲಿ ಈಗ ಅನ್ವಯವಾಗುವ ಐಎಸ್/ಐಇಸಿ 62305 ಮಾನದಂಡದ ಪ್ರಕಾರ 60 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ತಾರಸಿಗೆ ಮಾತ್ರ ರಕ್ಷಣೆ ಕೊಟ್ಟರೆ ಸಾಲದು, ಕಟ್ಟಡದ ಮೇಲಿನ ಐದನೇ ಒಂದು ಭಾಗದ ಪಕ್ಕದ ಗೋಡೆಗಳಿಗೂ ಕೊಡಬೇಕು, ಏಕೆಂದರೆ ಸಿಡಿಲು ಬದಿಯಿಂದಲೂ ಬಡಿಯುತ್ತದೆ. ಒಂದೇ ಸಾಧನ ತನ್ನ ಸುತ್ತಲಿನ ನೂರು ಮೀಟರ್ ಪ್ರದೇಶವನ್ನು ಕಾಯುತ್ತದೆ ಎಂದು ಮಾರುವ ಇಎಸ್‌ಇ (ಅರ್ಲಿ ಸ್ಟ್ರೀಮರ್ ಎಮಿಷನ್) ಮಾದರಿಗೆ ಈ ಮಾನದಂಡದ ಮನ್ನಣೆಯಿಲ್ಲ. ಅರೆಸ್ಟರ್ ಕಟ್ಟಡವನ್ನು ಕಾಯುತ್ತದೆಯೇ ಹೊರತು ತಂತಿಗಳ ಮೂಲಕ ಒಳಬರುವ ವಿದ್ಯುತ್ ಉಬ್ಬರವನ್ನು ತಡೆಯುವುದಿಲ್ಲ. ಅದಕ್ಕೆ ಮುಖ್ಯ ಫಲಕದಲ್ಲಿ ಸರ್ಜ್ ಪ್ರೊಟೆಕ್ಟರ್ ಬೇರೆಯೇ ಬೇಕು.

ಮುನ್ಸೂಚನೆ ಎಲ್ಲಿ ಸಿಗುತ್ತದೆ?

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಎಂಬ ಎರಡು ಆ್ಯಪ್‌ಗಳು ಸುತ್ತಮುತ್ತ ಸಿಡಿಲು ಬೀಳುತ್ತಿರುವುದನ್ನು ತೋರಿಸುತ್ತವೆ. ಮೊಬೈಲ್ ಕೈಯಲ್ಲಿಲ್ಲದಿದ್ದರೆ, ಮಿಂಚು ಕಂಡು ಗುಡುಗು ಕೇಳುವುದರ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದು ತಿಳಿದು ಒಳಗೆ ಹೋಗಬೇಕು, ಮತ್ತು ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ತಾರಸಿಗೆ ಬಟ್ಟೆ ತರಲೆಂದು ಕೂಡ ಹೋಗಬಾರದು.